ಸೆಕೆಂಡ್ ಶಿಫ್ಟಿನ ಬೆಳಗುಗಳು

ಪೀಣ್ಯದ ಕಾರ್ಖಾನೆಗಳಲ್ಲಿ ಸೆಕೆಂಡ್ ಶಿಫ್ಟ್ ಎಂದರೆ ಮೂಗು ಮುರಿಯದವರಿಲ್ಲ. ಮಧ್ಯಾಹ್ನ ಎರಡೂವರೆಗೆ ಒಳಹೊಕ್ಕರೆ ಹೊರಬರುವುದು ಹನ್ನೊಂದಕ್ಕೆ. ಮದುವೆ ಮುಂಜಿ, ನೆಂಟರಿಷ್ಟರು ಎಲ್ಲಕ್ಕೂ ಎಳ್ಳುನೀರು ಬಿಟ್ಟ ಹಾಗೆ. ಆದರೆ ಗ್ರೈಂಡಿಂಗ್ ಮೆಷಿನ್ನಿನ ಉಪೇಂದ್ರ ಮಾತ್ರ ಇಪ್ಪತ್ತು ವರ್ಷ ಆ ಶಿಫ್ಟಿಗೇ ಹಾತೊರೆಯುತ್ತಿದ್ದ. ಯಾಕೆಂದು ಅವನ ಹೆಂಡತಿ ವಾಸಂತಿಗೆ ಗೊತ್ತಿತ್ತು. ವಠಾರದ ಓನರ್ ಚಿಕ್ಕಮುನಿಯಮ್ಮನಿಗೂ ಗೊತ್ತಿತ್ತು ಅನ್ನಿ.

ಮದುವೆಯಾದ ಹೊಸದು. ಚೊಕ್ಕಸಂದ್ರದಲ್ಲಿ ಶೀಟಿನ ಒಂದೇ ಕೋಣೆ. ಸಾಲಾಗಿ ಎಂಟು ಬಾಗಿಲು. ಆ ಮನೆಯವರು ಕೆಮ್ಮಿದರೆ ಈ ಮನೆಯವರಿಗೆ ನಿದ್ದೆ ಹಾರುವಷ್ಟು ತೆಳ್ಳನೆ ಗೋಡೆ. ಅಂಥಲ್ಲಿ ಹೊಸ ಜೋಡಿ ಮಾಡುವುದಾದರೂ ಏನು? ಪುಣ್ಯಕ್ಕೆ, ಬೆಳಿಗ್ಗೆ ಒಂಬತ್ತಾಗುವಷ್ಟರಲ್ಲಿ ಗಂಡಸರೆಲ್ಲ ಫ್ಯಾಕ್ಟರಿಗೆ, ಹೆಂಗಸರೆಲ್ಲ ಗಾರ್ಮೆಂಟ್ಸಿಗೆ. ವಠಾರ ಖಾಲಿ. ಸೆಕೆಂಡ್ ಶಿಫ್ಟಿನ ವಾರ ಆ ಇಡೀ ಬೆಳಗು ಅವರಿಬ್ಬರದೇ. ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಎಷ್ಟು ಸೋಪು ಹಚ್ಚಿದರೂ ಹೋಗದ ಆಯಿಲ್ ವಾಸನೆಯ ಅವನ ಕೈಯನ್ನು ವಾಸಂತಿ ಮೂಸಿ ಮೂಸಿ ನಗುತ್ತಿದ್ದಳು. ಉಪ್ಪಿಟ್ಟು ಎಷ್ಟು ಸಲ ಆರಿ ಕಲ್ಲಾಯಿತೋ ಲೆಕ್ಕವಿಲ್ಲ.

ಹೊರಗಿನಿಂದ ಚಿಕ್ಕಮುನಿಯಮ್ಮ ಕೂಗುತ್ತಿದ್ದಳು: "ಏನಮ್ಮೋ ವಾಸಂತೀ, ಒತ್ತು ನೆತ್ತಿಗ್ ಬಂತು, ಇನ್ನೂ ಕದ ತಗ್ದಿಲ್ವಲ್ಲೇ! ನೀರ್ ನಿಂತೋಯ್ತದೆ, ಬಿಂದಿಗೆ ತತ್ತಾ!"

ವಾಸಂತಿ ಸೆರಗು ಸರಿಮಾಡಿಕೊಂಡು ಓಡುತ್ತಿದ್ದಳು. ಮುದುಕಿ ಬಿಂದಿಗೆ ನೋಡುತ್ತಿರಲಿಲ್ಲ, ಅವಳ ಮುಖ ನೋಡಿ ಕಿಸಿಕಿಸಿ ನಗುತ್ತಿದ್ದಳು. ಎಂಥ ಕಾಲ ಅದು! ಕೈಯಲ್ಲಿ ಕಾಸಿರಲಿಲ್ಲ, ಆದರೂ ಏನೂ ಕಮ್ಮಿ ಅನ್ನಿಸಿರಲಿಲ್ಲ.

ಆಮೇಲೆ ಮಗಳು ಸುಕೃತಿ ಹುಟ್ಟಿದಳು, ಎರಡು ಕೋಣೆಯ ಮನೆ ಬಂತು, ಮಗಳು ಓದಲು ತುಮಕೂರಿನ ಹಾಸ್ಟೆಲ್ ಸೇರಿದಳು. ಮನೆಯಲ್ಲಿ ಮತ್ತೆ ಇಬ್ಬರೇ. ಹಳೆಯ ಬೆಳಗುಗಳು ವಾಪಸ್ ಬಂದವೆಂದು ವಾಸಂತಿ ಒಳಗೊಳಗೇ ಹಿಗ್ಗಿದ್ದಳು.

ಬರಲಿಲ್ಲ. ಒಂದು ಬೆಳಿಗ್ಗೆ ಉಪೇಂದ್ರನ ಮೈ ಮಾತು ಕೇಳಲಿಲ್ಲ. ಸುಸ್ತು ಅಂದ. ಇನ್ನೊಂದು ಬೆಳಿಗ್ಗೆಯೂ ಅದೇ ಆಯಿತು, ಗ್ಯಾಸ್ ಅಂದ. ಮೂರನೆಯ ಸಲ ಹೇಳಲು ನೆಪ ಸಿಗದೆ ಅಂಗಿ ಹಾಕಿಕೊಂಡು ಪೇಪರ್ ತರಲು ಹೊರಟ. ನಲವತ್ತೆಂಟರ ಗಂಡಸು, ಬೀದಿ ಕೊನೆಯ ಕಟ್ಟೆಯ ಮೇಲೆ ಒಂದು ಗಂಟೆ ಕೂತು ನಿನ್ನೆಯ ಪೇಪರನ್ನೇ ಓದಿದ. ಯಾರಿಗೆ ಹೇಳುವುದು? ಒಂದು ಸಲ ಧೈರ್ಯ ಮಾಡಿ ದೂರದ ಕ್ಲಿನಿಕ್ಕೊಂದಕ್ಕೆ ಹೋಗಿ "ವೀಕ್ನೆಸ್ ಸಾರ್" ಅಂದ. ಅಲ್ಲಿಯ ಡಾಕ್ಟರು ಟಾನಿಕ್ ಬರೆದುಕೊಟ್ಟರು. ಅದನ್ನು ಕುಡಿದು ಹಸಿವು ಹೆಚ್ಚಾಯಿತೇ ವಿನಾ ಬೇರೇನೂ ಆಗಲಿಲ್ಲ.

ಕೊನೆಗೆ ಆ ಪುಣ್ಯಾತ್ಮ ಮಾಡಿದ್ದೇನು ಗೊತ್ತೇ? ಸೂಪರ್‌ವೈಸರ್‌ಗೆ ಅರ್ಜಿ ಬರೆದುಕೊಟ್ಟು ಕಾಯಂ ಫಸ್ಟ್ ಶಿಫ್ಟ್ ಹಾಕಿಸಿಕೊಂಡ. ಬೆಳಿಗ್ಗೆ ಐದೂವರೆಗೇ ಮನೆ ಬಿಟ್ಟರೆ ಬೆಳಗಿನ ಗೊಡವೆಯೇ ಇಲ್ಲವಲ್ಲ! ಮನೆಯಲ್ಲಿ "ಕಂಪನಿಯವ್ರೇ ಹಾಕ್ಬಿಟ್ರು ಕಣೇ" ಅಂತ ಸುಳ್ಳು ಬಿಟ್ಟ.

ಪೀಣ್ಯದಲ್ಲಿ ಅಂಥ ಸುಳ್ಳು ಎಷ್ಟು ದಿನ ಉಳಿದೀತು? ಜೊತೆ ಕೆಲಸದ ಶಿವಶಂಕರನ ಹೆಂಡತಿ ಜ್ಯೋತಿಲಕ್ಷ್ಮಿ ತರಕಾರಿ ಗಾಡಿಯ ಹತ್ತಿರ ವಾಸಂತಿಯನ್ನು ಹಿಡಿದುಕೊಂಡಳು. "ಏನಕ್ಕಾ, ನಿಮ್ಮ ಯಜಮಾನ್ರು ಸೆಕೆಂಡ್ ಶಿಫ್ಟೇ ಬೇಡ ಅಂತ ಬರ್ಕೊಟ್ರಂತೆ! ಈಗ ಅವ್ರ ಪಾಲಿಂದೂ ನಮ್ಮೋರ ತಲೆಗೇ ಕಟ್ತಾವ್ರೆ."

ವಾಸಂತಿ ತರಕಾರಿ ಕೊಳ್ಳದೆಯೇ ಮನೆಗೆ ಬಂದಳು. ಮೂರೂವರೆಗೆ ಗಂಡ ಮನೆಗೆ ಬಂದಾಗ ಕಾಫಿ ಕೊಡಲಿಲ್ಲ, ಬಾಗಿಲಲ್ಲೇ ನಿಂತಳು.

"ಯಾರವಳು?"

"ಯಾವಳೇ?"

"ನಾಟಕ ಆಡ್ಬೇಡಿ. ಬೆಳಿಗ್ಗೆ ನನ್ ಮುಖ ನೋಡೋಕೂ ಬೇಡ ಅಂತ ಶಿಫ್ಟ್ ಬರೆಸ್ಕೊಂಡ್ರಲ್ಲ, ಅಷ್ಟು ಬೇಡವಾಗ್ಬಿಟ್ನಾ ನಾನು?"

ಉಪೇಂದ್ರ ಟಿಫನ್ ಕ್ಯಾರಿಯರ್ ಕೆಳಗಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತ. "ಯಾರೂ ಇಲ್ಲ ವಾಸಂತಿ. ನಂಗೆ... ಆಗ್ತಿಲ್ಲ ಕಣೇ. ಪ್ರಯತ್ನ ಪಟ್ರೂ ಆಗ್ತಿಲ್ಲ." ಇಷ್ಟು ಹೇಳುವಷ್ಟರಲ್ಲಿ ಅವನ ಕಣ್ಣು ತುಂಬಿಬಂದಿತ್ತು.

ವಾಸಂತಿ ಅವನೆದುರು ನೆಲದ ಮೇಲೇ ಕೂತಳು. ಆಮೇಲೆ ಅಂದಳು: "ಹಲ್ಲು ನೋವು ಬಂದ್ರೆ ಡಾಕ್ಟ್ರ ಹತ್ರ ಹೋಗ್ತೀರಿ, ಇದಕ್ಕೆ ಶಿಫ್ಟ್ ಬದಲಾಯಿಸ್ಕೋತೀರಾ? ನಾಳೆ ರಜ ಹಾಕಿ, ಇಬ್ರೂ ಹೋಗೋಣ."

ದಾಸರಹಳ್ಳಿಯ ಕ್ಲಿನಿಕ್ಕಿನಲ್ಲಿ ಇದ್ದವರು ಡಾಕ್ಟರ್ ಶ್ಯಾಮಲಾ. ಲೇಡಿ ಡಾಕ್ಟರನ್ನು ಕಂಡು ಉಪೇಂದ್ರನ ಅರ್ಧ ಜೀವ ಹೋಯಿತು.

"ವೀಕ್ನೆಸ್ ಡಾಕ್ಟ್ರೇ," ಅಂದ.

"ಎಲ್ಲಿ ವೀಕ್ನೆಸ್ಸು? ಕೈಗಾ, ಕಾಲಿಗಾ?"

ಉಪೇಂದ್ರ ನೆಲ ನೋಡಿದ. ವಾಸಂತಿ ಮೊಣಕೈಯಿಂದ ತಿವಿದಳು. "ಗಂಡ ಹೆಂಡ್ತಿ ವಿಷ್ಯ ಡಾಕ್ಟ್ರೇ," ಅಂದ ಕಡೆಗೆ. "ನಿಮಿರೋದೇ ಇಲ್ಲ. ನಿಮಿರಿದ್ರೂ ನಿಲ್ಲಲ್ಲ."

"ಹಾಗೆ ಬಿಡಿಸಿ ಹೇಳಿದ್ರೆ ನಂಗೂ ಅರ್ಥ ಆಗುತ್ತೆ," ಅಂದರು ಡಾಕ್ಟರು, ಜ್ವರದ ವಿಚಾರ ಮಾತಾಡುವಷ್ಟು ಆರಾಮಾಗಿ. "ಎಷ್ಟು ದಿನದಿಂದ?"

"ಒಂದೆರಡು ತಿಂಗಳು ಇರ್ಬೇಕು."

"ಹದಿನಾಲ್ಕು ತಿಂಗಳು," ಅಂದಳು ವಾಸಂತಿ.

ಉಪೇಂದ್ರ ತಿರುಗಿ ಅವಳನ್ನು ನೋಡಿದ. ಡಾಕ್ಟರು ಕೇಳುತ್ತಲೇ ಹೋದರು: ನಿದ್ದೆಯಿಂದ ಎದ್ದಾಗ ತಾನಾಗಿ ಆಗುವುದಾದರೂ ಉಂಟೇ? ಇಲ್ಲ. ಮೂತ್ರಕ್ಕೆ ಪದೇ ಪದೇ ಏಳುವುದು? ಹೌದು, ಮೂರು ನಾಲ್ಕು ಸಲ. ಬಾಯಾರಿಕೆ? ಹೌದು. ಬೀಡಿ ಸಿಗರೇಟು? ದಿನಕ್ಕೆ ಆರು. ಎದೆನೋವು? ಇಲ್ಲ. ಬಿಪಿ ನೋಡಿದರು, ಬೆರಳು ಚುಚ್ಚಿ ರಕ್ತ ನೋಡಿದರು. ಸಕ್ಕರೆ ಮುನ್ನೂರ ಹನ್ನೆರಡು.

"ಒಂದೆರಡು ಸಲ ಆಗ್ದೇ ಇರೋದು ಯಾರಿಗಾದ್ರೂ ಸಹಜ, ಅದು ಕಾಯಿಲೆ ಅಲ್ಲ. ಆದ್ರೆ ಮೂರು ತಿಂಗಳು ಹೀಗೇ ನಡೆದ್ರೆ ಬಂದು ತೋರಿಸ್ಲೇಬೇಕು. ಅಲ್ಲಿಗೆ ಹೋಗೋ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು. ಶುಗರ್ರು, ಕೊಬ್ಬು ನಾಳ ಕೆಡಿಸಿದ್ರೆ ಎಷ್ಟೋ ಜನಕ್ಕೆ ಮೊದಲು ಅಲ್ಲೇ ಗೊತ್ತಾಗೋದು, ಹೃದಯದ ಸರದಿ ಆಮೇಲೆ. ಇಸಿಜಿ ಇವತ್ತೇ ಮಾಡ್ಸಿ, ಸಿಗರೇಟ್ ಬಿಡಿ. ಮೆಡಿಕಲ್ ಸ್ಟೋರಲ್ಲಿ ಗುಟ್ಟಾಗಿ ಮಾತ್ರೆ ಕೇಳಿ ನುಂಗ್ಬೇಡಿ. ಹೃದಯ ನೋಡ್ಕೊಂಡು ನಾನೇ ಬರೆದುಕೊಡ್ತೀನಿ. ಇದಕ್ಕೆ ಔಷಧಿ ಇದೆ ಕಣ್ರೀ."

ಉಪೇಂದ್ರನಿಗೆ ಹೋದ ಜೀವ ಬಂದಂತಾಯಿತು. ಚೀಟಿ ಮಡಚಿಕೊಂಡು ಎದ್ದ. ವಾಸಂತಿ ಏಳಲಿಲ್ಲ.

"ನೀವೇನಾದ್ರೂ ಕೇಳ್ಬೇಕಾಮ್ಮಾ?"

ವಾಸಂತಿ ಸೆರಗಿನ ತುದಿ ಹಿಡಿದುಕೊಂಡು ಕೇಳಿದಳು: "ಹಂಗಾದ್ರೆ... ಇದು ನನ್ನಿಂದ ಅಲ್ವಾ ಡಾಕ್ಟ್ರೇ? ನಾನು ದಪ್ಪ ಆಗಿದ್ದಕ್ಕೆ, ಕೂದ್ಲು ಬೆಳ್ಳಗಾಗಿದ್ದಕ್ಕೆ ಅಲ್ವಾ?"

ಉಪೇಂದ್ರನಿಗೆ ಆಗ ಮುಖಕ್ಕೆ ರಾಚಿದಂತಾಯಿತು. ಹದಿನಾಲ್ಕು ತಿಂಗಳು ತನ್ನ ಮಾನ ತಾನು ಕಾಪಾಡಿಕೊಂಡೆ ಎಂದುಕೊಂಡಿದ್ದ. ಅಷ್ಟೂ ದಿನ ಇವಳು ಕನ್ನಡಿ ಮುಂದೆ ನಿಂತು ತನ್ನನ್ನೇ ಬೈದುಕೊಂಡಿದ್ದಳು.

"ಅಲ್ಲ ಕಣೇ," ಅಂದ ಅವನು, ಡಾಕ್ಟರು ಬಾಯಿ ತೆರೆಯುವ ಮೊದಲೇ. "ನಿನ್ನಿಂದ ಅಲ್ಲ. ಯಾವತ್ತೂ ನಿನ್ನಿಂದ ಅಲ್ಲ."