ಮಾಸ್ತರರ ಬೆನ್ನ ಮೇಲಿನ ಬಾಸುಂಡೆ

ಮಹಾಲಿಂಗಪ್ಪ ಮಾಸ್ತರರ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿ, ಮಗ ಉಳವಪ್ಪ ನೀರು ಹೊಯ್ಯುತ್ತಿದ್ದ. ಬೆನ್ನು ತಿಕ್ಕಲೆಂದು ಹೆಣವನ್ನು ಮುಂದಕ್ಕೆ ಬಾಗಿಸಿದ ಪೊಲೀಸ್ ಪಾಟೀಲ ಅಜ್ಜಪ್ಪ ಕೈ ನಿಲ್ಲಿಸಿದ.

"ಏನೋ ಇದು, ಉಳವಪ್ಪ?"

ಬೆನ್ನ ತುಂಬ ಬಾಸುಂಡೆ. ಕೆಲವು ಕಪ್ಪಾಗಿದ್ದವು, ಕೆಲವು ಇನ್ನೂ ಕೆಂಪಗಿದ್ದವು.

"ಎಲ್ಲೋ ಬಿದ್ದಿರಬೇಕು."

"ಬಿದ್ದರ ಹಿಂಗ ಗೀರು ಏಳತಾವೇನ? ಛಡಿ ಏಟು ನನಗ ಗೊತ್ತಿಲ್ಲೇನ? ನಾನೂ ಇವರ ಕೈಯಾಗ ಕಲ್ತಾಂವ."

ನೆರೆಮನೆಯ ಹುಚ್ಚಪ್ಪ ಮೆಲ್ಲಗೆ ಅಂದ: "ಕೋದಂಡದ ಸಿಟ್ಟು ಇನ್ನೂ ಆರಿಲ್ಲ ಕಾಣಸ್ತೈತಿ."

*

ಚಿಕ್ಕೇರೂರಿನ ಶಾಲೆಯ ತೊಲೆಗೆ ಹಗ್ಗವೊಂದು ಕಟ್ಟಿರುತ್ತಿತ್ತು. ಸಣ್ಣ ತಪ್ಪಿಗೆ ಅಂಗೈ ಚಾಚಿ ಛಡಿ ಏಟು ತಿನ್ನಬೇಕು; ದೊಡ್ಡ ತಪ್ಪು ಮಾಡಿದ ಹುಡುಗ ಆ ಹಗ್ಗ ಹಿಡಿದು ಜೋಲಬೇಕು. ಮಾಸ್ತರರು ಕಾಲಿಗೆ ಛಡಿಯಿಂದ ಬಾರಿಸುವರು. ಅದೇ ಕೋದಂಡ. ಮಗನೆಂಬ ಮುಲಾಜಿಲ್ಲವೆಂದು ತೋರಿಸಲು ಉಳವಪ್ಪನನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಜೋಲುಬಿಡುತ್ತಿದ್ದರು. ಬಾಗಿಲಲ್ಲಿ ನಿಂತ ಊರವರು, "ಇನ್ನೊಂದೆರಡು ಹಾಕ್ರಿ ಮಾಸ್ತರ" ಎನ್ನುವರು.

೧೯೪೦ರ ಆಚೀಚೆ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಹಗ್ಗ ಬಿಚ್ಚಿಸಿದರು. ಪೆನ್ಶನ್ ಆದಾಗ ಮಾಸ್ತರರು ಛಡಿಯನ್ನು ಮನೆಗೆ ತಂದರು. ಅಕ್ಕಿಆಲೂರಿನಲ್ಲಿ ಮಾಸ್ತರನಾದ ಉಳವಪ್ಪ ಛಡಿ ಹಿಡಿಯಲಿಲ್ಲ. ಅವನ ಶಾಲೆಯನ್ನು ತಂದೆ ಸಂತೆ ಎಂದು ಹಂಗಿಸುತ್ತಿದ್ದರು.

*

"ಹಿರೇಕೆರೂರಿಗೆ ವರ್ದಿ ಕಳಸ್ತೇನಿ," ಎಂದ ಅಜ್ಜಪ್ಪ. "ಫೌಜದಾರ ಬರೋತನಕ ಕುಣಿಗೆ ಇಳಸಂಗಿಲ್ಲ. ಡಾಕ್ಟರು ಹೆಣ ಕೊಯ್ದು ನೋಡ್ಲಿ."

"ನಾ ವಾರಕ್ಕೊಮ್ಮೆ ಊರಿಗೆ ಬರಾಂವ. ನಾ ಹೊಡದಿಲ್ಲ."

"ಬೇಡಿ ಬೀಳೋತನಕ ಎಲ್ಲಾರೂ ಹಂಗ ಅಂತಾರ."

ಹೊಸ್ತಿಲ ಬಳಿ ಕುಳಿತಿದ್ದ ಮಾಸ್ತರರ ಹೆಂಡತಿ ದಾನವ್ವ ತಲೆ ಎತ್ತಿದಳು. "ಅವನ್ನ ಬಿಡೋ ಅಜ್ಜಪ್ಪ. ನಾ ಹೊಡದೇನಿ."

"ಮಗನ್ನ ಉಳಸಾಕ ಸುಳ್ಳು ಹೇಳಬ್ಯಾಡ್ರಿ, ಅವ್ವಾರ."

ಮುದುಕಿ ಎದ್ದು ಒಳಗಿನಿಂದ ಛಡಿ ತಂದು ಅವನ ಕಾಲ ಬಳಿ ಒಗೆದಳು.

"ಬುದ್ಧಿ ಕಳಕೊಂಡಿದ್ರು. ಧೋತರದಾಗ ಹೊಲಸು ಮಾಡ್ಕೊಂತಿದ್ರು, ಉಣಸಾಕ ಹ್ವಾದ್ರ ಉಗಳ್ತಿದ್ರು. ಮದಲ ಬಾಯಿಲೆ ಹೇಳಿದೆ, ಕೇಳ್ಲಿಲ್ಲ. ಒಂದು ಬಿಗದ್ರ ಸುಮ್ಮನ ಉಣತಿದ್ರು. ನಿನ್ನಿ ಹೊಡದ್ರೂ ಉಣಲಿಲ್ಲ."

"ಅವ್ವಾ, ಅವರಿಗೆ ತಿಳವಳಿಕಿನ ಇರಲಿಲ್ಲಲ್ಲ!" ಎಂದ ಉಳವಪ್ಪ.

"ಹಗ್ಗಕ್ಕ ಜೋತಾಗ ನಿನಗಿತ್ತೇನ? ಇಷ್ಟುದ್ದ ಕೂಸಿದ್ದಿ. ಅವಾಗ ಯಾರರ ವರ್ದಿ ಕಳಿಸಿದ್ರೇನ?"

ಉಳವಪ್ಪ ತಾಯಿಯ ಕೈಗಳನ್ನೇ ನೋಡುತ್ತ ನಿಂತ. ಹುಚ್ಚಪ್ಪ ಕೆಮ್ಮಿದ. "ಹೆಂಡತಿ ಗಂಡಗ ಬಡದ್ಲು ಅಂತ ಬರದ್ರ ಹಾನಗಲ್ಲತನಾ ನಗ್ತಾರ್ರಿ ಪಾಟೀಲ್ರ. ನಮ್ಮ ಊರಿಗೆ ಹೆಣ್ಣು ಕೊಡೋದಿರಲಿ, ನಮ್ಮ ಊರ ಹೆಣ್ಣನ್ನೂ ಯಾರೂ ತಗೊಳ್ಳಂಗಿಲ್ಲ."

ಅಜ್ಜಪ್ಪ ತಾಯಿಯನ್ನೂ ಮಗನನ್ನೂ ನೋಡಿದ. ಅವನ ಮುಖದ ಸಂಶಯ ಪೂರ್ತಿ ಹೋಗಿರಲಿಲ್ಲ.

"ಬೆನ್ನಿಗೆ ವಿಭೂತಿ ದಪ್ಪ ಹಚ್ರಿ," ಎಂದ. "ಮ್ಯಾಲ ಶಾಲು ಹೊಚ್ರಿ."

ಸಂಜೆ ಮಾಸ್ತರರನ್ನು ಕುಣಿಯಲ್ಲಿ ಕೂಡಿಸಿದರು. ಕೊರಳ ಲಿಂಗವನ್ನು ಎಡಗೈಯಲ್ಲಿ ಇಡಬೇಕಿತ್ತು. ಬೆರಳುಗಳು ಸೆಟೆದಿದ್ದವು. ಉಳವಪ್ಪ ಒಂದೊಂದನ್ನೇ ಬಿಡಿಸಿದ. ಅಂಗೈ ತೆರೆದುಕೊಂಡು ಮುಂದಕ್ಕೆ ಚಾಚಿತು.

ಕುಣಿಯ ಅಂಚಿನಲ್ಲಿ ನಿಂತಿದ್ದ ಪಾಟೀಲ ತನ್ನ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡ.