ಕಾಡು ಆಲಿವ್‌ಗೆ ಸುತ್ತಿದ ತಂತಿ

"ಬಿಚ್ಚಬೇಡ! ಬಿಚ್ಚಿದ್ರೆ ಸಿಪ್ಪೇನೂ ಕಿತ್ಕೊಂಡ್ ಬರುತ್ತೆ. ತುಂಡು ತುಂಡಾಗಿ ಕತ್ತರಿಸು," ಎಂದ ಲೆಯಾಂದ್ರೊ.

ಹರ್ಮಿನಿಯಾ ಕಪ್ಪು ಉಡುಪಿನ ತೋಳು ಮೇಲೇರಿಸಿ, ಗಂಡನ ತಂತಿ ಕತ್ತರಿ ಹಿಡಿದು ಅಂಗಳದಲ್ಲಿ ಮಂಡಿಯೂರಿದ್ದಳು. ಮುಂದೆ ಕುಂಡದಲ್ಲಿ ಬೋನ್ಸಾಯ್ ಮಾಡಿ ಬೆಳೆಸಿದ ಮೊಣಕಾಲೆತ್ತರದ ಕಾಡು ಆಲಿವ್ ಮರ. ಕೊಂಬೆ ಬಗ್ಗಿಸಲೆಂದು ಅವಳ ಗಂಡ, ಲೆಯಾಂದ್ರೊನ ಗೆಳೆಯ ಕ್ರಿಸಾಂತೊ ಸುತ್ತಿದ್ದ ತಂತಿ ತೊಗಟೆಯೊಳಗೆ ಇಳಿದಿತ್ತು. ಐದು ಗಂಟೆಗೆ ಅವನ ಶವಸಂಸ್ಕಾರ. ಜನರನ್ನು ಕರೆಯುವ ಚರ್ಚಿನ ಗಂಟೆ ಆಗಲೇ ಒಮ್ಮೆ ಮೊಳಗಿತ್ತು.

"ಗಂಡ ಪೆಟ್ಟಿಗೇಲಿ ಮಲಗಿ ಕಾಯ್ತಿದಾನೆ, ಇವಳಿಗೆ ಈಗ ಗಿಡದ ಸೇವೆ!" ಬಾಗಿಲಲ್ಲಿ ನಿಂತ ನಾದಿನಿ ಪತ್ರೊ ಸಿಡುಕಿದಳು. "ಅವನಿದ್ದಾಗ ಒಂದಿನ ಮುಟ್ಟಿದ್ಯೇನೇ?"

ಹರ್ಮಿನಿಯಾ ಇನ್ನೊಂದು ತುಂಡು ಕತ್ತರಿಸಿದಳು. ಆಸ್ಪತ್ರೆಯಲ್ಲಿ ಎರಡು ತಿಂಗಳು ಅವನು ದಿನಾ ಕೇಳುತ್ತಿದ್ದುದು ಒಂದೇ: "ತಂತಿ ತೆಗೆದ್ಯಾ? ವಸಂತ ಬಂತು, ಕೊಂಬೆ ದಪ್ಪ ಆಗುತ್ತೆ." ಅವಳದೂ ದಿನಾ ಒಂದೇ ಮಾತು: "ತೆಗೆದೆ ಕಣೋ, ಮಲ್ಕೋ." ಹಸಿ ಸುಳ್ಳು. ಅದನ್ನೇ ನಂಬಿ ಪ್ರಾಣ ಬಿಟ್ಟಿದ್ದ.

* * *

ಇಪ್ಪತ್ತೆರಡು ವರ್ಷದ ಹಿಂದೆ, ಅವಳಪ್ಪನ ದನ ಮೇಯುವ ಗುಡ್ಡದಿಂದ ಆ ಮರವನ್ನು ಅಗೆದು ತಂದವರು ಗಾರೆ ಕೆಲಸದ ಜೋಡಿ, ಕ್ರಿಸಾಂತೊ ಮತ್ತು ಲೆಯಾಂದ್ರೊ. ಬೇರನ್ನೆಲ್ಲ ಗರಗಸದಿಂದ ಕೊಯ್ದು, ಬುಡವನ್ನು ಮರಳಲ್ಲಿ ನಿಲ್ಲಿಸಿ, ಮೇಲೆ ಕಪ್ಪು ಪ್ಲಾಸ್ಟಿಕ್ ಚೀಲ ಮುಚ್ಚಿದ್ದರು.

"ಒಂದು ವರ್ಷ ಯಾರೂ ಮುಟ್ಟೋ ಹಾಗಿಲ್ಲ," ಎಂದಿದ್ದ ಕ್ರಿಸಾಂತೊ.

ಎರಡೇ ತಿಂಗಳಿಗೆ ಚಿಗುರು ಬಂತು. ಹರ್ಮಿನಿಯಾಗೆ ತಡೆಯಲಾಗಲಿಲ್ಲ, ಬೇರು ಹಿಡಿದಿದೆಯೇ ನೋಡೋಣವೆಂದು ಬುಡ ಹಿಡಿದು ಅಲ್ಲಾಡಿಸಿದಳು. ಕಾಡು ಆಲಿವ್ ಬೇರಿಲ್ಲದೆಯೂ ಕಾಂಡದ ಕಸುವಿನಿಂದಲೇ ಚಿಗುರುತ್ತದೆಂದು ಪಾಪ, ಅವಳಿಗೇನು ಗೊತ್ತು? ಆಗಷ್ಟೇ ಹುಟ್ಟಿದ್ದ ಎಳೆ ಬೇರುಗಳು ಹರಿದವು. ಅರ್ಧ ಮರ ಒಣಗಿತು.

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸತ್ತ ಭಾಗವನ್ನು ಕೆತ್ತಿ, ಗಂಧಕದ ನೀರು ಬಳಿದು ಮೂಳೆಯಂತೆ ಬೆಳ್ಳಗೆ ಮಾಡಿದ. ಬಂದವರೆಲ್ಲ ಹೊಗಳುತ್ತಿದ್ದುದು ಅದನ್ನೇ. "ಅದು ನನ್ನ ಹೆಂಡ್ತಿ ಕೈಕೆಲಸ," ಎಂದು ನಗುತ್ತಿದ್ದ. ಆ ನಗು ಅವಳಿಗೆ ಚುಚ್ಚುತ್ತಿತ್ತು. ಮತ್ತೆ ಮರ ಮುಟ್ಟಲಿಲ್ಲ. ಈ ವಸಂತದಲ್ಲೂ ಕತ್ತರಿ ಹಿಡಿದು ಎಷ್ಟೋ ಸಲ ಹೊಸಿಲವರೆಗೆ ಬಂದು, ಹಾಗೇ ತಿರುಗಿ ಒಳಗೆ ಹೋಗಿದ್ದಳು.

* * *

"ಇದೊಂದು ತುಂಡು ಬರ್ತಿಲ್ಲ," ಎಂದಳು ಹರ್ಮಿನಿಯಾ.

ಲೆಯಾಂದ್ರೊ ಬಗ್ಗಿ ನೋಡಿದ. "ಬಿಟ್ಬಿಡು. ಮರ ನುಂಗ್ಬಿಟ್ಟಿದೆ. ಕೀಳೋಕೆ ಹೋದ್ರೆ ಕೊಂಬೇನೇ ಹೋಗುತ್ತೆ."

"ಎಲ್ಲಾ ತೆಗೆದೆ ಅಂತ ಹೇಳಿದೀನಿ ಅವನಿಗೆ."

ಲೆಯಾಂದ್ರೊ ಅವಳ ಕೈಯಿಂದ ಕತ್ತರಿ ತೆಗೆದುಕೊಂಡ. "ಏಳು," ಎಂದ. "ನಾನು ಹೋಗಿ ಗಾರೆ ಕಲಸ್ಬೇಕು."

ಶವವನ್ನು ಹೂಳದೆ ಗೋಡೆಯೊಳಗೆ ಇಡುವುದು ಆ ಊರಿನ ವಾಡಿಕೆ; ಸ್ಮಶಾನದ ಗೋಡೆಯ ಗೂಡಿಗೆ ಪೆಟ್ಟಿಗೆ ತಳ್ಳಿದರು. ಗೆಳೆಯನ ಗೂಡನ್ನು ಲೆಯಾಂದ್ರೊ ತಾನೇ ಇಟ್ಟಿಗೆಯಿಟ್ಟು ಮುಚ್ಚುತ್ತ ಬಂದ. ಒಂದೇ ಇಟ್ಟಿಗೆಯ ಕಿಂಡಿ ಉಳಿದಾಗ ಹರ್ಮಿನಿಯಾ, "ತಡಿ," ಎಂದಳು. ಮುಷ್ಟಿ ಬಿಚ್ಚಿ, ಅಂಗಳದಿಂದ ಆರಿಸಿ ತಂದಿದ್ದ ತಂತಿಯ ತುಂಡುಗಳನ್ನು ಒಳಗೆ ಸುರಿದಳು.

"ಏನೇ ಅದು?" ಎಂದಳು ಪತ್ರೊ.

ಹರ್ಮಿನಿಯಾ ಕಿಂಡಿಗೆ ಬಾಯಿಟ್ಟಳು. "ತೆಗೆದೆ ಕಣೋ. ಒಂದು ಬಿಟ್ಟು."

ಆಮೇಲೆ ಅಲ್ಲೇ ಕಿವಿಗೊಟ್ಟು ನಿಂತಳು. ಲೆಯಾಂದ್ರೊ ಕೈಯಲ್ಲಿ ಕೊನೆಯ ಇಟ್ಟಿಗೆ. ಕರಣೆಯ ಮೇಲಿನ ಗಾರೆ ಗಟ್ಟಿಯಾಗುತ್ತಿತ್ತು.