ಅಂಚಿನಲ್ಲಿ ಒಂದು ಎಳೆ

ಆ ಊರಿನ ಹೆಸರು ಕೇಳಬೇಡಿ. ಹೇಳಿದರೆ ಒಬ್ಬರು ಅದು ನಮ್ಮೂರೇ ಅಂತ ಜಗಳಕ್ಕೆ ಬರುತ್ತೀರಿ, ಇನ್ನೊಬ್ಬರು ಖಂಡಿತ ನಮ್ಮೂರಲ್ಲ ಅಂತ. ಇಷ್ಟು ತಿಳಿದರೆ ಸಾಕು: ಸುತ್ತ ಎತ್ತರದ ಕೋಟೆ, ಒಳಗೆ ಗಾಳಿಯ ಸುಳಿವಿಲ್ಲ. ಮೂಡಣ ದಿಕ್ಕಿನ ಕಿಟಕಿಗಳ ಬಳಿ ಕೆಂಪು ಮಡಕೆಗಳಲ್ಲಿ ಗಾಳಿ ತುಂಬಿಕೊಂಡು ಮನೆಮನೆಗೆ ಹೊತ್ತು ಹಾಕುವವರಿದ್ದರು. ಅವರು ಬಂದರೆ ಒಲೆ ಉರಿಯುತ್ತಿತ್ತು, ಬಾರದಿದ್ದರೆ ಇಲ್ಲ.

ಅಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಒಂದು ಪೆಟ್ಟಿಗೆ ಕೊಡುತ್ತಿದ್ದರು. ಬಡವ ಬಲ್ಲಿದ ಎನ್ನದೆ ಎಲ್ಲರ ಪೆಟ್ಟಿಗೆಯೂ ಒಂದೇ ಥರ. ಊರಿನ ಸಕಲ ಕಸುಬುಗಳ ಹತಾರಗಳೂ ಅದರೊಳಗಿದ್ದವು. ಬೆಳೆದು ಒಂದು ಕಸುಬು ಹಿಡಿದ ದಿನ, ಅದಕ್ಕೆ ಬೇಕಾದ ಹತಾರ ಮಾತ್ರ ಹೊರಗೆ ತೆಗೆದು, ಉಳಿದದ್ದನ್ನು ಹುರಿಯಿಂದ ಬಿಗಿದು, ಗಂಟಿನ ಮೇಲೆ ಅರಗು ಸುರಿದು ಅಟ್ಟಕ್ಕೇರಿಸುವುದು ವಾಡಿಕೆ. ಆ ಗಂಟನ್ನು ಮತ್ತೆ ಯಾರಿಂದಲೂ ಬಿಚ್ಚಲಾಗುತ್ತಿರಲಿಲ್ಲ. ಗೋಡೆ ಮೆತ್ತುವವನು ಸಾಯುವ ತನಕ ಗೋಡೆ ಮೆತ್ತುವವನೇ. ಗಾಳಿ ಹೊರುವವರ ಪಾಡು ಇನ್ನೂ ಕಷ್ಟದ್ದು. ಮಡಕೆ ದೊಡ್ಡದು, ಓಣಿ ಇಕ್ಕಟ್ಟು. ಜಾಗ ಸಾಲದೆ ಅವರು ಪೆಟ್ಟಿಗೆಯನ್ನೇ ಬಿಸಾಡಿ ಹೊರಡುತ್ತಿದ್ದರು. ಬೇಗ ಸವೆಯುತ್ತಿದ್ದರು, ಬೇಗ ಸಾಯುತ್ತಿದ್ದರು, ಪಾಪ.

ಊರನ್ನು ಹೊತ್ತು ನಿಂತ ದಪ್ಪ ಕಲ್ಲುಕಂಬಗಳ ಪೊಳ್ಳಿನೊಳಗೆ ಇನ್ನೊಂದು ಕೇರಿ ಇತ್ತು. ಜನ ಅದನ್ನು ಖಾಲಿಕೈ ಕೇರಿ ಅನ್ನುತ್ತಿದ್ದರು. ಅಲ್ಲಿಯವರು ಯಾವ ಕಸುಬೂ ಹಿಡಿಯದೆ ಪೆಟ್ಟಿಗೆಯನ್ನು ಹಾಗೇ ತೆರೆದಿಟ್ಟುಕೊಂಡು ಕೂತಿರುತ್ತಿದ್ದರು. ಅವರಿಗೆ ಮಕ್ಕಳಾಗುತ್ತಿದ್ದದ್ದೂ ಅವಳಿಜವಳಿಯಾಗಿಯೇ. ಊರಲ್ಲಿ ಗಾಳಿ ಹೊರುವವನೋ ಕಾವಲಿನವನೋ ಸತ್ತನೆಂದರೆ ಜೋಡಿಯಲ್ಲಿ ಒಂದು ಮಗು ಎದ್ದು ಆ ಕಸುಬಿಗೆ ಹೋಗುತ್ತಿತ್ತು, ಇನ್ನೊಂದು ಕೇರಿಯಲ್ಲೇ ಉಳಿಯುತ್ತಿತ್ತು. ಉಳಿದದ್ದಕ್ಕೆ ಮತ್ತೆ ಜೋಡಿ ಮಕ್ಕಳು. ಹೀಗೆ ಕೇರಿ ಎಂದೂ ಬರಿದಾಗುತ್ತಿರಲಿಲ್ಲ. ಹಾಗಂತ ಅದನ್ನು ಯಾರೂ ಲೆಕ್ಕಕ್ಕಿಟ್ಟುಕೊಂಡಿರಲಿಲ್ಲ.

ಊರ ಯಜಮಾನ ಚೆನ್ನಮಲ್ಲಪ್ಪ ಕೆಟ್ಟವನೇನಲ್ಲ. ಊರು ದೊಡ್ಡದಾಗಬೇಕು, ಬಲವಾಗಬೇಕು ಎಂಬ ಹುಚ್ಚು ಮಾತ್ರ ಇತ್ತು. ಒಂದು ದಿನ ಕೇರಿಗೆ ಬಂದು, ಇನ್ನು ಮೇಲೆ ಇಲ್ಲಿ ಯಾರೂ ಸುಮ್ಮನೆ ಕೂರುವಂತಿಲ್ಲ, ಎಲ್ಲರೂ ಕಸುಬು ಹಿಡಿಯಬೇಕು ಎಂದು ಅಪ್ಪಣೆ ಕೊಟ್ಟ.

ಕೇರಿಯ ಹಿರಿಯಳು ಕೆಂಚವ್ವ. ಅವಳಿಗೆ ಮಾಳಿ, ದುರುಗಿ ಎಂದು ಜೋಡಿ ಹೆಣ್ಣುಮಕ್ಕಳು. ಅವಳು ಯಜಮಾನನ ಎದುರು ಕೈಮುಗಿದು ನಿಂತಳು.

"ಮಾಳಿ ಹೋಗಲಿ ಯಜಮಾನ್ರೇ, ಬ್ಯಾಡ ಅನ್ನಲ್ಲ. ದುರುಗಿನ ಬಿಟ್ಟುಬಿಡ್ರಿ. ಕೇರೀಲಿ ಒಬ್ಬಳು ಉಳೀಬೇಕು."

"ಉಳಿದು ಏನು ಮಾಡ್ತಾಳಮ್ಮ?"

"ಏನೂ ಮಾಡಲ್ಲ. ಉಳಿದಿರ್ತಾಳೆ."

ಹಿಂದೆ ನಿಂತವರು ಗೊಳ್ಳೆಂದು ನಕ್ಕರು. ಯಜಮಾನನೂ ನಕ್ಕ. ಸಂಜೆಯೊಳಗೆ ಮಾಳಿ ದುರುಗಿ ಇಬ್ಬರ ತಲೆಗೂ ಮಡಕೆ ಏರಿತು, ಇಬ್ಬರ ಪೆಟ್ಟಿಗೆಯೂ ಕೋಟೆಯಾಚೆ ಬಿತ್ತು. ಮುದುಕಿಯ ಕೈಗೂ ಒಂದು ಪೊರಕೆ ಕೊಟ್ಟು ಅವಳ ಪೆಟ್ಟಿಗೆಗೆ ಅರಗು ಸುರಿದರು. ಕೆಂಚವ್ವ ಖಾಲಿ ಕೇರಿಯನ್ನು ಗುಡಿಸುತ್ತ ಬಿಕ್ಕಿ ಬಿಕ್ಕಿ ಅತ್ತಳು.

ಸ್ವಲ್ಪ ಕಾಲ ಊರು ಹಿಂದೆಂದೂ ಕಾಣದ ಹಾಗೆ ಮೆರೆಯಿತು, ಸುಳ್ಳು ಹೇಳಬಾರದು. ಓಣಿ ತುಂಬ ಕೆಂಪು ಮಡಕೆಗಳು, ಮೂಲೆಮೂಲೆಗೂ ಕಾವಲು. ಆಮೇಲೆ ಹೊರುವವರು ಸವೆದರು. ಮಾಳಿ ಒಂದು ತಿರುವಿನಲ್ಲಿ ಕುಸಿದಳು, ಅವಳ ಮಡಕೆಯನ್ನು ಎತ್ತಿಕೊಳ್ಳಲು ಬಗ್ಗಿದ ದುರುಗಿಯೂ ಏಳಲಿಲ್ಲ. ಅವರ ಜಾಗಕ್ಕೆ ಬರಲು ಕೇರಿಯಲ್ಲಿ ಯಾರೂ ಉಳಿದಿರಲಿಲ್ಲ. ಒಲೆಗಳು ಒಂದೊಂದಾಗಿ ಆರಿದವು. ಯಜಮಾನ ಮನೆಮನೆಯ ಅಟ್ಟ ಹತ್ತಿಸಿ ಗಂಟು ಬಿಚ್ಚಿಸಲು ನೋಡಿದ. ಉಗುರು ಕಿತ್ತುಹೋದವೇ ಹೊರತು ಅರಗು ಅಲುಗಲಿಲ್ಲ. ಕೊನೆಗೆ ಕೆಂಚವ್ವನ ಬಾಗಿಲಿಗೆ ಬಂದು ಉಬ್ಬಸಪಡುತ್ತ ಕೂತ.

"ತಪ್ಪಾಯ್ತು ತಾಯಿ. ಈಗೇನು ದಾರಿ?"

ಕೆಂಚವ್ವನಿಗೆ ಅವನ ಮುಖಕ್ಕೆ ಪೊರಕೆ ಎಸೆಯುವಷ್ಟು ಸಿಟ್ಟಿತ್ತು. ಆದರೆ ಓಣಿಯಲ್ಲಿ ಕೂಸುಗಳು ಉಸಿರಿಗೆ ಬಾಯಿ ಬಾಯಿ ಬಿಡುತ್ತಿದ್ದವು.

"ಪಕ್ಕದೂರಲ್ಲೂ ಇಂಥಾದ್ದೊಂದು ಕೇರಿ ಐತೆ. ಹೋಗಿ ಕೇಳ್ರಿ. ಒಬ್ಬಳು ಬಂದ್ರೆ ಸಾಕು."

ಅದು ಸುಲಭದ ಮಾತಾಗಿರಲಿಲ್ಲ. ಊರಿನ ಪ್ರತಿಯೊಬ್ಬರೂ ಹೊದೆಯುವ ಶಾಲಿಗೆ ಒಂದೇ ಬಗೆಯ ಅಂಚು ಇತ್ತು. ಕಾವಲಿನವರು ಆ ಅಂಚನ್ನು ನೋಡಿಯೇ ನಮ್ಮವರೋ ಹೊರಗಿನವರೋ ಎಂದು ತೀರ್ಮಾನಿಸುತ್ತಿದ್ದರು. ಅಂಚು ಬೇರೆಯಾದರೆ ಅಲ್ಲೇ ಬಡಿದು ಹಾಕುತ್ತಿದ್ದರು. ಯಜಮಾನ ಊರೂರು ಹುಡುಕಿಸಿದ. ಕೊನೆಗೆ ಹಾಲಮ್ಮ ಎಂಬ ಹೆಣ್ಣುಮಗಳು ಸಿಕ್ಕಳು. ಅವಳ ಅಂಚು ಹೆಚ್ಚುಕಡಿಮೆ ಇವರದೇ, ಒಂದು ಎಳೆ ಮಾತ್ರ ಕಡಿಮೆ. ಅಳಿದುಳಿದ ಕಾವಲಿನವರ ಕೋಲುಗಳನ್ನೆಲ್ಲ ಯಜಮಾನ ತಾನೇ ಕಿತ್ತುಕೊಂಡು ಅವರನ್ನು ಮನೆಗೆ ಕಳಿಸಿದ. ಹಾಗೆ ಕಾವಲಿಲ್ಲದ ಬಾಗಿಲಿನಿಂದ ಹಾಲಮ್ಮ ತನ್ನ ತೆರೆದ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದಳು. ಕೇರಿಯ ದಾರಿಯನ್ನು ಅವಳಿಗೆ ಯಾರೂ ತೋರಿಸಬೇಕಾಗಲಿಲ್ಲ.

"ಬಾರವ್ವ," ಎಂದಳು ಕೆಂಚವ್ವ, "ಮನೆ ಗುಡಿಸಿಟ್ಟೀನಿ."

ಹಾಲಮ್ಮನಿಗೆ ಜೋಡಿ ಮಕ್ಕಳಾದವು. ಒಂದು ಮಡಕೆ ಹೊತ್ತಿತು, ಒಂದು ಉಳಿಯಿತು. ಉಳಿದದ್ದಕ್ಕೆ ಮತ್ತೆ ಜೋಡಿ. ಆರಿದ ಒಲೆಗಳು ಹೊತ್ತಿಕೊಂಡವು. ಮಕ್ಕಳೆಲ್ಲ ಕೆಂಚವ್ವನ ಕೈತುತ್ತು ತಿಂದು, ಅವಳನ್ನು ಅಜ್ಜಿ ಎಂದು ಕರೆದು, ಹಾಲಮ್ಮ ನೇಯ್ದ ಶಾಲು ಹೊದ್ದು ಬೆಳೆದವು. ಮುದುಕಿ ಮತ್ತೆ ನಗುವುದನ್ನು ಕಲಿತಳು.

ಊರು ಚೇತರಿಸಿಕೊಂಡ ಮೇಲೆ ಚೆನ್ನಮಲ್ಲಪ್ಪನಿಗೆ ನಾಚಿಕೆ ಶುರುವಾಯಿತು. ನಮ್ಮಂಥ ಊರು ಹೊರಗಿನವಳೊಬ್ಬಳಿಂದ ಉಳಿಯಿತು ಅಂತ ನಾಳೆ ಯಾರಾದರೂ ಆಡಿಕೊಂಡರೆ? ಹಾಲಮ್ಮ ಬಂದ ವಿಷಯವನ್ನು ಯಾರೂ ಬಾಯಿ ಬಿಡಬಾರದು, ಮಕ್ಕಳ ಕಿವಿಗಂತೂ ಬೀಳಲೇಬಾರದು ಎಂದು ಕಟ್ಟಪ್ಪಣೆ ಮಾಡಿದ. ಜನ ಒಪ್ಪಿದರು, ಅವರಿಗೂ ಅದೇ ಬೇಕಿತ್ತು. ಆಮೇಲೆ ಹಾಲಮ್ಮನ ಕೇರಿಯಿಂದ ಬಂದ ಹೊಸ ಕಾವಲಿನವರನ್ನು ಸಾಲಾಗಿ ನಿಲ್ಲಿಸಿ, ಅವರವರ ಶಾಲನ್ನೇ ಮುಟ್ಟಿಸಿ ಹೇಳಿದ: "ಈ ಅಂಚು ನೆನಪಿಟ್ಟುಕೊಳ್ಳಿ. ಒಂದು ಎಳೆ ಆಚೀಚೆ ಆದರೂ ಬಿಡಬೇಡಿ. ಎಷ್ಟು ದೊಡ್ಡವನಾಗಿರಲಿ, ಮುಖ ನೋಡಬೇಡಿ." ಅವರ ಶಾಲಿನ ಅಂಚನ್ನು ಮಾತ್ರ ಅವನು ಎಣಿಸಿ ನೋಡಲಿಲ್ಲ. ಅವರು ಚಾಚೂ ತಪ್ಪದೆ ಕಲಿತರು.

ಒಂದು ಬೆಳಿಗ್ಗೆ ಯಜಮಾನ ತನ್ನ ಮನೆಯ ಜಗಲಿಯ ಮೇಲೆ ನಿಂತು ಮುಖ ತೊಳೆಯುತ್ತಿದ್ದ. ಹಾಲಮ್ಮನ ಮೊಮ್ಮಗ, ಕಾವಲಿನ ಕರಿಬಸ, ಬಂದು ಅವನ ಶಾಲಿನ ತುದಿ ಹಿಡಿದ.

"ಯಾರ ಪೈಕಿ ನೀನು?"

"ಏನೋ ಇದು? ನಾನು ಯಜಮಾನ. ಇದು ನನ್ನ ಮನೆ!"

"ಅಂಚಲ್ಲಿ ಒಂದು ಎಳೆ ಜಾಸ್ತಿ ಐತೆ. ಹೊರಗಿನವನು ನೀನು."

ಆ ಓಣಿಯಲ್ಲಿ ಅವತ್ತು ಹಲವು ಮನೆಗಳ ಮುಂದೆ ಇದೇ ನಡೆಯುತ್ತಿತ್ತು. ಗೋಡೆ ಮೆತ್ತುವವರು, ಅಡುಗೆಯವರು, ಇಡೀ ಆಯುಸ್ಸು ಅಲ್ಲೇ ಸವೆಸಿದ ಮುದುಕರು ತಮ್ಮ ತಮ್ಮ ಹೊಸ್ತಿಲ ಮೇಲೆ ಶಾಲಿನ ಅಂಚು ಚಾಚಿ ನಿಂತಿದ್ದರು. ಗಲಾಟೆ ಕೇಳಿ ಕೆಂಚವ್ವ ಪೊರಕೆ ಹಿಡಿದೇ ಓಡಿ ಬಂದಳು.

"ಬಿಡೋ ಮಗಾ! ಇವನು ನಮ್ಮವನೇ. ಊರಿಗೆ ಉಸಿರಿಲ್ಲದಾಗ ಹೊರಗಿಂದ ಹೆಣ್ಣುಮಗಳನ್ನ ಕರಕೊಂಡು ಬಂದು ಎಲ್ಲರನ್ನೂ ಉಳಿಸಿದವನು."

ಹೇಳಿದ ಮೇಲೆ ಅವಳಿಗೆ ತಾನೇನು ಹೇಳಿದೆನೆಂದು ಗೊತ್ತಾಯಿತು. ಕರಿಬಸ ಯಜಮಾನನ ಶಾಲು ಬಿಟ್ಟು ಅವಳ ಕಡೆ ತಿರುಗಿದ.

"ಹೊರಗಿನವಳಾ? ನಮ್ಮೂರೊಳಗಾ? ಯಾರಜ್ಜಿ ಅದು? ತೋರಿಸು, ಮೊದಲು ಅವಳನ್ನ ವಿಚಾರಿಸ್ತೀವಿ."

ಕೋಲು ಹಿಡಿದ ಉಳಿದವರೂ ಹತ್ತಿರ ಬಂದರು. ಯಜಮಾನ ತಲೆ ತಗ್ಗಿಸಿ ನಿಂತ. ಅವನು ಹೇಳಿಕೊಟ್ಟ ಪಾಠ, ಅವನೇ ಹೊಲಿದ ಬಾಯಿಗಳು. ಅತ್ತ ಕೇರಿಯಲ್ಲಿ ಹಾಲಮ್ಮ ಕೂಸುಗಳಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು. ಅವಳ ನಗು ಕಂಬಗಳ ಪೊಳ್ಳಿನಿಂದ ಇಲ್ಲಿಯವರೆಗೂ ಕೇಳುತ್ತಿತ್ತು. ಕೆಂಚವ್ವನಿಗೆ ಭಯವಾಯಿತು, ತುಂಬ ಭಯವಾಯಿತು. ಕೇರಿಯಲ್ಲಿ ಒಬ್ಬಳು ಉಳಿಯಬೇಕು.

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ತನ್ನ ಹಳೆಯ ಶಾಲು ತೆಗೆದು ಮೊಮ್ಮಗನ ಕೈಗೆ ಕೊಟ್ಟಳು.

"ಎಲ್ಲಿ ಹುಡುಕ್ತೀಯೋ ಮಗಾ? ಅವಳು ನಾನೇ. ಬೇಕಾದ್ರೆ ನೋಡ್ಕೋ."

ಕರಿಬಸ ಅಂಚಿನ ಎಳೆಗಳನ್ನು ಎಣಿಸಿದ. ಒಂದು ಹೆಚ್ಚಿತ್ತು.